ನಕ್ಷೆ ಕೊಡದ ದೇವರು, ದಾರಿ ತೋರಿದ ಊರು

‘ದೇವರ ಚಿತ್ತ ಇದ್ದರೆ ಆಗುತ್ತದೆ.’ ಈ ಮಾತು ಕೇಳಿಬರದ ಮನೆ ನಮ್ಮಲ್ಲಿ ಇಲ್ಲವೇ ಇಲ್ಲ. ಪರೀಕ್ಷೆಯ ಫಲಿತಾಂಶ, ಮದುವೆಯ ಮಾತುಕತೆ, ಸರ್ಕಾರಿ ನೌಕರಿಯ ಅರ್ಜಿ, ಎಲ್ಲದರ ಕೊನೆಗೂ ಇದೊಂದು ಮಾತು ಬಂದು ಕೂರುತ್ತದೆ. ಕೆಲವರು ದೇವರ ಮುಂದೆ ಹೂ ಕೇಳುತ್ತಾರೆ, ಬಲಕ್ಕೆ ಬಿದ್ದರೆ ಶುಭ, ಎಡಕ್ಕೆ ಬಿದ್ದರೆ ಬೇಡ. ಕೆಲವರು ಚೀಟಿ ಬರೆದು ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ನಾವು ಕ್ರೈಸ್ತರು ಹೂ ಕೇಳುವುದಿಲ್ಲ. ಆದರೆ ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನದಲ್ಲಿ ಉತ್ತರ ಹುಡುಕುವವರು ನಮ್ಮಲ್ಲೂ ಇದ್ದಾರೆ. ಎಲ್ಲರ ಆಸೆಯೂ ಒಂದೇ: ಮುಂದೆ ಆಗುವುದು ಇವತ್ತೇ ತಿಳಿದುಬಿಡಬೇಕು.

ಹಾಗಾದರೆ ದೇವರ ನಡೆಸುವಿಕೆಯನ್ನು ನಂಬುವುದು ಎಂದರೆ ಏನು? ಭವಿಷ್ಯ ಮೊದಲೇ ತಿಳಿಯುವುದೇ? ಹೋದ ಕೆಲಸ ಕೈಗೂಡುವುದೇ? ಅಪಾಯದಿಂದ ಪಾರಾಗುವುದೇ? ಈ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಪುಸ್ತಕದ್ದಲ್ಲ. 2015ರ ಅಕ್ಟೋಬರ್‌ನಲ್ಲಿ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ, ನಮ್ಮ ಸಭೆಯ ಯುವಜನರ ತಂಡದೊಂದಿಗೆ ನೇಪಾಳಕ್ಕೆ ಹೋಗಿ ಅಲ್ಲಿನ ಬೆಟ್ಟದೂರೊಂದರಲ್ಲಿ ಕಳೆದ ಹತ್ತು ದಿನಗಳು ಕೊಟ್ಟದ್ದು.

ಶನಿವಾರ, 11 ಗಂಟೆ 56 ನಿಮಿಷ

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಗೋರ್ಖಾ ಜಿಲ್ಲೆಯ ಬಾರ್‌ಪಾಕ್ ಅದರ ಕೇಂದ್ರಬಿಂದು. ಮೇ 12ರಂದು ಮತ್ತೊಮ್ಮೆ, 7.3 ತೀವ್ರತೆಯಲ್ಲಿ, ಭೂಮಿ ನಡುಗಿತು. ಎರಡರಿಂದಲೂ ಸುಮಾರು 9,000 ಜನ ಸತ್ತರು. ಬೆಟ್ಟದ ಊರುಗಳ ಮನೆಗಳು ಹೆಚ್ಚಾಗಿ ಕಲ್ಲಿನವು. ಕಲ್ಲುಗಳ ನಡುವೆ ಸಿಮೆಂಟ್ ಇಲ್ಲ, ಮಣ್ಣು. ಹಾಗಾಗಿ ಊರಿಗೆ ಊರೇ ಕಲ್ಲಿನ ಗುಡ್ಡೆಯಾದ ಕಡೆಗಳು ಬಹಳ.

ಗದಗ-ಬೆಟಗೇರಿಯ ನಮ್ಮ ಸಭೆಯಲ್ಲಿ ಆಗ ಕಾಣಿಕೆ ಎತ್ತಿ ಕಳಿಸಿದೆವು. ಜುಲೈ ಹೊತ್ತಿಗೆ ಧಾದಿಂಗ್ ಜಿಲ್ಲೆಯ ಪುಟ್ಟ ಸಭೆಯ ಪಾಸ್ಟರ್ ಒಬ್ಬರಿಂದ ಆಹ್ವಾನ ಬಂತು. ಬಿದ್ದುಹೋದ ಶಾಲೆಯ ಬದಲಿಗೆ ಬಿದಿರು ಮತ್ತು ತಗಡಿನ ತಾತ್ಕಾಲಿಕ ಕೋಣೆ ಕಟ್ಟಬೇಕಿದೆ, ದಸರಾ ರಜೆಯಲ್ಲಿ ಬಂದು ಕೈಜೋಡಿಸುತ್ತೀರಾ ಎಂದು. ತಗಡಿಗೆ ಬೇಕಾದ ದುಡ್ಡನ್ನು ಮುಂಚೆಯೇ ಕಳಿಸಿ, ಏಳು ಜನ ಹೆಸರು ಕೊಟ್ಟೆವು. ಆರು ಮಂದಿ ವಿದ್ಯಾರ್ಥಿಗಳು. ನಮ್ಮ ಹಿರಿಯರಾಗಿ ಬಂದವರು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದ ಒಬ್ಬರು. ಊರೆಲ್ಲ ಅವರನ್ನು ಕರೆಯುವುದೇ ‘ಸಿಸ್ಟರ್’ ಎಂದು.

ನಮ್ಮ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ನೀ ಹೋಗಿ ಅಲ್ಲೇನ್ ಮಾಡಾಕಿ? ನಿನಗ ಮೊಳಿ ಹೊಡ್ಯಾಕರ ಬರತೈತೇನು?”

‘ಮಿಷನ್’ ಎಂಬ ಪದ

‘ಮಿಷನ್ ಪ್ರವಾಸ’ ಎಂದ ಕೂಡಲೇ ಹಲವರ ಹುಬ್ಬು ಮೇಲೇರುತ್ತದೆ, ಅದು ನನಗೆ ಗೊತ್ತು. ಕಾಲೇಜಿನಲ್ಲೂ ಕೇಳಿದರು, ‘ಅಲ್ಲಿ ಹೋಗಿ ಮತಾಂತರ ಮಾಡ್ತೀರಾ?’ ನೇಪಾಳದ ಹೊಸ ಸಂವಿಧಾನ ಜಾರಿಗೆ ಬಂದದ್ದು ನಾವು ಹೊರಡುವ ಕೆಲವೇ ವಾರ ಮೊದಲು, 2015ರ ಸೆಪ್ಟೆಂಬರ್ 20ರಂದು. ಒಬ್ಬರನ್ನು ಒಂದು ಧರ್ಮದಿಂದ ಇನ್ನೊಂದಕ್ಕೆ ಮತಾಂತರಿಸುವುದನ್ನು ಅದರ 26ನೇ ವಿಧಿ ನಿಷೇಧಿಸುತ್ತದೆ. ಅಲ್ಲಿನ ಪಾಸ್ಟರ್ ಪತ್ರದಲ್ಲೇ ಖಡಾಖಂಡಿತವಾಗಿ ಬರೆದಿದ್ದರು: ಕರಪತ್ರ, ಪುಸ್ತಕ ಏನೂ ತರಬೇಡಿ, ಕೈಗಳನ್ನು ತನ್ನಿ. ನೀವು ಹೋದ ಮೇಲೂ ನಾವು ಇದೇ ನೆರೆಹೊರೆಯವರ ಜೊತೆ ಬಾಳಬೇಕು.

ನೇಪಾಳದ ಕ್ರೈಸ್ತರ ಕಥೆಯೇ ಮುಚ್ಚಿದ ಬಾಗಿಲುಗಳ ಕಥೆ. ಕಠ್ಮಂಡು ಕಣಿವೆಯಲ್ಲಿದ್ದ ಕಾಪುಚಿನ್ ಪಾದ್ರಿಗಳನ್ನು ರಾಜ ಪೃಥ್ವಿ ನಾರಾಯಣ ಶಾಹ 1769ರಲ್ಲಿ ಹೊರಹಾಕಿದ. ಮುಂದೆ ಸುಮಾರು ಎರಡು ಶತಮಾನ ದೇಶ ಅವರಿಗೆ ಮುಚ್ಚಿತ್ತು. ಆ ಹೊತ್ತಿನಲ್ಲಿ ಗಂಗಾ ಪ್ರಸಾದ್ ಪ್ರಧಾನ್ ಎಂಬವರು ಡಾರ್ಜಿಲಿಂಗ್‌ನಲ್ಲಿ ಕೂತು ಬೈಬಲ್ಲನ್ನು ನೇಪಾಳಿಗೆ ಅನುವಾದಿಸಿದರು. ಪೂರ್ಣ ಬೈಬಲ್ 1914ರಲ್ಲಿ ಅಚ್ಚಾಯಿತು. ಅವರು 1932ರಲ್ಲಿ ತೀರಿಕೊಂಡರು. ನೇಪಾಳ ಹೊರಜಗತ್ತಿಗೆ ತೆರೆದುಕೊಂಡದ್ದು 1951ರಲ್ಲಿ. ತಾನು ಮಾಡಿದ ಕೆಲಸ ತಾಯ್ನಾಡಿನಲ್ಲಿ ಓದಿಸಿಕೊಳ್ಳುವುದನ್ನು ಆ ಮನುಷ್ಯ ನೋಡಲೇ ಇಲ್ಲ. ಹಾಗಂತ ಅವರಿಗೆ ದೇವರು ದಾರಿ ತೋರಲಿಲ್ಲ ಎನ್ನಲಾದೀತೇ?

ನಮ್ಮ ಕರ್ನಾಟಕದ್ದೇ ಉದಾಹರಣೆ ನೋಡಿ. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಸುವಾರ್ತೆ ಸಾರಲು. ಇಂದು ಅನೇಕ ಕನ್ನಡಿಗರು ಆ ಮಿಷನ್ನನ್ನು ನೆನೆಯುವುದು ಬೇರೆ ಕಾರಣಕ್ಕೆ: ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಬಂದ ಕಿಟೆಲ್ ನಿಘಂಟು, ಮಂಗಳೂರು ಹೆಂಚು. ಹೊರಟದ್ದು ಒಂದಕ್ಕೆ, ಉಳಿದದ್ದು ಇನ್ನೊಂದು. ಕಿಟೆಲ್ ಈ ನಾಡಿಗೆ ಬಂದದ್ದು 1853ರಲ್ಲಿ, ಅಂದರೆ ನಿಘಂಟಿನ ಹಿಂದೆ ನಾಲ್ಕು ದಶಕ. ನಮ್ಮದು ಬರೀ ಹತ್ತು ದಿನ. ಈ ಅಳತೆ ತಲೆಯಲ್ಲಿದ್ದರೆ ಅಹಂಕಾರ ತಾನಾಗಿ ಇಳಿಯುತ್ತದೆ.

ಸುನೌಲಿಯಲ್ಲಿ ನಿಂತ ಲಾರಿಗಳು

ರೈಲಿನಲ್ಲಿ ಎರಡು ರಾತ್ರಿ ಕಳೆದು ಗೋರಖ್‌ಪುರ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿಗೆ ಬಂದಾಗ ಕಂಡದ್ದು ಲಾರಿಗಳ ಸಾಲು. ಚಾಲಕರು ಲಾರಿ ಕೆಳಗೆ ಹಾಸಿಕೊಂಡು ಮಲಗಿದ್ದರು, ಕೆಲವರು ಅಲ್ಲೇ ರೊಟ್ಟಿ ಬೇಯಿಸುತ್ತಿದ್ದರು. ಹೊಸ ಸಂವಿಧಾನದಲ್ಲಿ ತಮಗೆ ನ್ಯಾಯ ಸಿಕ್ಕಿಲ್ಲವೆಂದು ತರಾಯಿ ಬಯಲಿನ ಮಧೇಶಿ ಸಂಘಟನೆಗಳು ಚಳವಳಿ ನಡೆಸುತ್ತಿದ್ದವು. ಸೆಪ್ಟೆಂಬರ್ ಕೊನೆಯ ವಾರದಿಂದ ಗಡಿಯಲ್ಲಿ ಸರಕು ಸಾಗಣೆ ಕುಸಿದಿತ್ತು. ಮುಖ್ಯ ದ್ವಾರವಾದ ರಕ್ಸೌಲ್–ಬೀರ್‌ಗಂಜ್ ಸೇತುವೆ ಮೇಲೆ ಧರಣಿ ಕೂತಿದ್ದರು. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಔಷಧ ಎಲ್ಲಕ್ಕೂ ತತ್ವಾರ. ಭಾರತವೇ ದಿಗ್ಬಂಧನ ಹೇರಿದೆ ಎಂದು ನೇಪಾಳದ ಜನ ಸಿಟ್ಟಾಗಿದ್ದರು. ತಾನು ಅಂಥದ್ದೇನೂ ಮಾಡಿಲ್ಲ ಎಂದು ಭಾರತ ಸರ್ಕಾರ ಹೇಳುತ್ತಿತ್ತು.

ಊರಲ್ಲಿ ಪತ್ರಿಕೆ ಓದಿ ತಿಳಿದಿದ್ದೆವು. ಆದರೆ ಗಡಿಯಲ್ಲಿ ನಿಂತಾಗ ವಿಷಯ ಬೇರೆಯೇ ಆಗುತ್ತದೆ. ನಾವು ದುಡ್ಡು ಕೊಟ್ಟಿದ್ದ ತಗಡು ಎಲ್ಲೋ ಈ ಸಾಲಿನಲ್ಲೇ ಸಿಕ್ಕಿಕೊಂಡಿತ್ತು. ಸಂಜೆ ಹೊತ್ತಿಗೆ ಇನ್ನೊಂದು ಸುದ್ದಿ. ಗಡಿಯಲ್ಲಿ ನಮ್ಮ ಮೊಬೈಲ್‌ಗಳಿಗೆ ಇನ್ನೂ ಸಿಗ್ನಲ್ ಇತ್ತು. ಕಾಲೇಜಿನಿಂದ ಮೆಸೇಜ್: ಬರುವ ಸೋಮವಾರ ಕ್ಯಾಂಪಸ್ ಸಂದರ್ಶನ, ಕಂಪನಿಯವರು ತಾರೀಖು ಹಿಂದಕ್ಕೆ ಎಳೆದುಕೊಂಡಿದ್ದಾರೆ. ನಾವು ಮೂವರು ಒಂದೇ ಕಾಲೇಜಿನವರು.

ಅವತ್ತು ರಾತ್ರಿ ಲಾಡ್ಜ್ ಕೋಣೆಯಲ್ಲಿ ನಡೆದ ಚರ್ಚೆ ಮರೆಯಲಾರೆ. “ದಾರಿ ಮುಚ್ಚಿದೆ ಅಂದ್ರೆ ದೇವರು ಬೇಡ ಅಂತಿದ್ದಾನೆ” ಎಂದ ಒಬ್ಬ. “ಇದು ಪರೀಕ್ಷೆ, ನಂಬಿ ಮುಂದೆ ಹೋಗಬೇಕು” ಎಂದಳು ಇನ್ನೊಬ್ಬಳು. ಒಂದೇ ಲಾರಿ ಸಾಲು ಒಬ್ಬನಿಗೆ ತಡೆ, ಇನ್ನೊಬ್ಬಳಿಗೆ ಕರೆ. ಬೈಬಲ್ಲಿನ ಗಿದ್ಯೋನ ಕುರಿಯ ಉಣ್ಣೆ ಕಣದಲ್ಲಿಟ್ಟು ಇಬ್ಬನಿ ಬೀಳುತ್ತದೋ ಇಲ್ಲವೋ ಎಂದು ದೇವರನ್ನು ಪರೀಕ್ಷಿಸಿದ ಕಥೆ ಯಾರಿಗೋ ನೆನಪಾಯಿತು. ಕೊನೆಗೆ ಚೀಟಿ ಎತ್ತೋಣ ಎಂಬ ಮಾತು ಬಂತು. ಅಷ್ಟು ಹೊತ್ತು ಸುಮ್ಮನಿದ್ದ ಸಿಸ್ಟರ್ ಆಗ ಬಾಯಿ ತೆರೆದರು.

“ಇಲ್ಲಿ ಕುಂತು ಚೀಟಿ ಎತ್ತಿದ್ರ ದೇವರಿಗೆ ಫೋನ್ ಹಚ್ಚಿದಂಗ ಆಗಂಗಿಲ್ಲ. ಮೊದಲ ಆ ಪಾಸ್ಟರ್‌ಗೆ ಫೋನ್ ಹಚ್ಚ್ರೊ. ಕರದಾವರು ಅವರು. ನಾವು ಹೋದ್ರ ಅವರಿಗೆ ಆಸರ ಆಗತೈತೋ ಹೊರಿ ಆಗತೈತೋ, ಅದನ್ನ ಅವರನ್ನ ಕೇಳದ ಯಾರನ್ನ ಕೇಳತೀರಿ?”

ಪ್ರಾರ್ಥನೆ ಬಿಟ್ಟುಬಿಡಿ ಎಂದು ಅವರು ಹೇಳಲಿಲ್ಲ. ಪ್ರಾರ್ಥನೆ ಮಾಡಿಯೇ ಫೋನ್ ಮಾಡಿದೆವು. ಅತ್ತ ಕಡೆಯಿಂದ ಬಂದ ಉತ್ತರ ಸರಳವಾಗಿತ್ತು: “ತಗಡು ಬಂದಿಲ್ಲ, ಈಗ ಬರುವ ಹಾಗೂ ಕಾಣುವುದಿಲ್ಲ. ಆದರೆ ಭತ್ತ ಮಾಗಿದೆ. ಗಂಡಸರು ಹೆಚ್ಚಿನವರು ಮಲೇಷ್ಯಾ, ಕತಾರ್‌ನಲ್ಲಿದ್ದಾರೆ. ಕುಯ್ಯಲು ಕೈ ಸಾಲದು. ಅಡುಗೆಗೆ ಇಲ್ಲಿ ಸೌದೆ ಒಲೆ, ಗ್ಯಾಸ್ ಚಿಂತೆ ಇಲ್ಲ. ಉಪ್ಪು, ಬೇಳೆ, ಎಣ್ಣೆ ನೀವೇ ಹೊತ್ತು ತಂದರೆ ಬನ್ನಿ. ಐದು ಜನಕ್ಕಿಂತ ಹೆಚ್ಚು ಬೇಡ.”

ಏಳರಲ್ಲಿ ಐದು ಎಂದರೆ ಇಬ್ಬರು ಮರಳಬೇಕು. ನನ್ನ ಇಬ್ಬರು ಸಹಪಾಠಿಗಳು ಮರಳಿದರು. ಒಬ್ಬನಿಗೆ ತಂದೆ ಇಲ್ಲ, ಮನೆಯಲ್ಲಿ ತಂಗಿಯ ಓದು, ಬ್ಯಾಂಕಿನ ಶಿಕ್ಷಣ ಸಾಲ. ಇನ್ನೊಬ್ಬಳಿಗೆ ಆ ಕಂಪನಿಯ ಕೆಲಸವೇ ಬೇಕಿತ್ತು. ಅವರ ನಂಬಿಕೆ ಕಡಿಮೆ ಎಂದು ಯಾರೂ ಅನ್ನಲಿಲ್ಲ. ಸಿಸ್ಟರ್ ಅವರಿಬ್ಬರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ದಾರಿಖರ್ಚಿಗೆ ದುಡ್ಡು ಕೊಟ್ಟು, “ಮನಿ ನೋಡಿಕೊಳ್ಳೂದೂ ದೇವರ ಕೆಲಸನ” ಎಂದರು. ನನ್ನ ಮನೆಯಲ್ಲಿ ಅಪ್ಪನ ನೌಕರಿ ಇನ್ನೂ ಇತ್ತು. ಸಂದರ್ಶನ ಬಿಟ್ಟರೆ ನಷ್ಟ ನನಗೊಬ್ಬಳಿಗೇ. ಅವ್ವನಿಗೆ ಫೋನ್ ಮಾಡಿ ಹೇಳಿ, ನಾನು ಮುಂದೆ ಹೊರಟೆ.

ಹೊಸ ಒಡಂಬಡಿಕೆಯಲ್ಲಿ ಪೌಲನ ಒಂದು ಪ್ರಸಂಗವಿದೆ. ಅವನ ತಂಡಕ್ಕೆ ಆಸ್ಯಕ್ಕೆ ಹೋಗುವ ದಾರಿ ತಡೆಯಾಗುತ್ತದೆ, ಬಿಥೂನ್ಯಕ್ಕೆ ಹೋಗಲು ನೋಡಿದರೆ ಅದೂ ಆಗುವುದಿಲ್ಲ. ಕೊನೆಗೆ ಸಮುದ್ರದ ದಂಡೆಯ ತ್ರೋವದಲ್ಲಿ ಬಂದು ನಿಲ್ಲುತ್ತಾರೆ. ಅಲ್ಲಿ ರಾತ್ರಿ ದರ್ಶನದಲ್ಲಿ ಮಕೆದೋನ್ಯದ ಒಬ್ಬ ಮನುಷ್ಯ ಕಾಣಿಸಿಕೊಂಡು, ಬಂದು ನಮಗೆ ನೆರವಾಗಿ ಎಂದು ಕರೆಯುತ್ತಾನೆ. ಈ ಕಥೆಯನ್ನು ಭಾನುವಾರದ ಶಾಲೆಯಿಂದಲೂ ಕೇಳಿದ್ದೇನೆ. ಎರಡು ಬಾಗಿಲು ಮುಚ್ಚಿದ ಮೇಲೆ ದಾರಿ ತೋರಿದ್ದು ನೆರವು ಬೇಡುವ ಒಬ್ಬ ಮನುಷ್ಯನ ದನಿ ಎಂಬುದು ಗಡಿಯಲ್ಲಿ ಕೂತಾಗ ಹೊಳೆಯಿತು.

ಚಹಾ ಅಂಗಡಿಯ ಪ್ರಶ್ನೆ

ನಡೆದೇ ಗಡಿ ದಾಟಿದೆವು. ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ಹೋಯಿತು. ಭೈರಹವಾದಿಂದ ಬಸ್ಸು ಸಿಗಲು ಮಧ್ಯಾಹ್ನದವರೆಗೆ ಕಾದೆವು. ಡೀಸೆಲ್ ಇಲ್ಲದೆ ಬಸ್ಸುಗಳು ವಿರಳ, ಇದ್ದ ಬಸ್ಸುಗಳ ಮಾಡಿನ ಮೇಲೂ ಜನ. ದಶೈಂ ಹಬ್ಬಕ್ಕೆ, ಅಂದರೆ ನಮ್ಮ ದಸರಾಕ್ಕೆ, ಎಲ್ಲರೂ ಊರಿಗೆ ಹೊರಟ ಕಾಲ ಅದು. ನಾರಾಯಣಗಢ, ಮುಗ್ಲಿಂಗ್ ದಾಟಿ ತ್ರಿಶೂಲಿ ನದಿಯ ಪಕ್ಕದ ಪೃಥ್ವಿ ಹೆದ್ದಾರಿಯಲ್ಲಿ ಸಾಗಿದೆವು.

ಒಂದು ಚಹಾ ಅಂಗಡಿಯಲ್ಲಿ ನಾವು ಭಾರತದವರೆಂದು ತಿಳಿದು ಮಧ್ಯವಯಸ್ಸಿನ ಒಬ್ಬರು ಹಿಂದಿಯಲ್ಲಿ ಕೇಳಿದರು: “ಒಂದು ಕೈಯಲ್ಲಿ ಗ್ಯಾಸ್ ನಿಲ್ಲಿಸುತ್ತೀರಿ, ಇನ್ನೊಂದು ಕೈಯಲ್ಲಿ ಸಹಾಯ ಮಾಡಲು ಬರುತ್ತೀರಿ. ಯಾವ ಕೈ ನಂಬಬೇಕು?” ಅಂಗಡಿ ಇಡೀ ನಮ್ಮತ್ತ ತಿರುಗಿತು. ನಮ್ಮ ತಂಡದ ಹುಡುಗನೊಬ್ಬ ಸರ್ಕಾರದ ಹೇಳಿಕೆ ವಿವರಿಸಲು ಬಾಯಿ ತೆರೆದ. ಸಿಸ್ಟರ್ ಕಣ್ಣಲ್ಲೇ ತಡೆದು, ತಮಗೆ ಬರುವ ಹರಕು ಹಿಂದಿಯಲ್ಲಿ, “ನಿಮ್ಮ ಮನೆಯಲ್ಲಿ ಸಿಲಿಂಡರ್ ಖಾಲಿಯಾಗಿ ಎಷ್ಟು ದಿನ ಆಯಿತು?” ಎಂದು ಕೇಳಿದರು. ಆ ಮನುಷ್ಯ ಹತ್ತು ನಿಮಿಷ ಮಾತಾಡಿದರು. ಡಯಾಲಿಸಿಸ್‌ಗೆ ಹೋಗುವ ಅಣ್ಣನಿಗೆ ವಾಹನ ಸಿಗುತ್ತಿಲ್ಲ ಎಂದರು. ನಾವು ಕೇಳಿದೆವು. ಅವರ ಸಿಟ್ಟು ಇಳಿಯಿತು ಎಂದು ಹೇಳಲಾರೆ. ಹೊರಡುವಾಗ ಚಹಾದ ದುಡ್ಡನ್ನು ನಾವೇ ಕೊಟ್ಟೆವು, ಅವರೂ ಬೇಡ ಅನ್ನಲಿಲ್ಲ. ದೇವರು ನಮ್ಮನ್ನು ಕಳಿಸಿದ್ದಾನೆ ಎಂದು ನಂಬಿ ಹೊರಟವರಿಗೆ ಎದುರಿನವರು ಕೈಮುಗಿದು ಸ್ವಾಗತಿಸಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

ಕುಡುಗೋಲು, ಡೋಕೊ, ಹಳೆಯ ಮೊಳೆ

ಮಲೇಖುವಿನಿಂದ ಒಳಗೆ ಸ್ವಲ್ಪ ದೂರ ಜೀಪು, ಆಮೇಲೆ ಐದು ತಾಸು ಏರು ದಾರಿ. ಬೆನ್ನ ಮೇಲೆ ಬೇಳೆ, ಉಪ್ಪು, ಎಣ್ಣೆ. ಊರು ಕಂಡಾಗ ಮೊದಲು ಕಣ್ಣಿಗೆ ಬಿದ್ದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಳದಿ ಗದ್ದೆಗಳು, ಅವುಗಳ ನಡುವೆ ನೀಲಿ, ಕಿತ್ತಳೆ ಟಾರ್ಪಾಲಿನ್ ಹೊದಿಕೆಯ ಗುಡಿಸಲುಗಳು.

ಬೆಳಿಗ್ಗೆ ಚಹಾ ಕುಡಿದು ಗದ್ದೆಗೆ ಇಳಿಯುವುದು. ಹತ್ತು ಗಂಟೆ ಸುಮಾರಿಗೆ ಬೇಳೆ-ಅನ್ನದ ಊಟ, ಮತ್ತೆ ಕೆಲಸ, ಸಂಜೆ ಇನ್ನೊಮ್ಮೆ ಅದೇ ಊಟ. ನಾವು ಜೋಳದ ಸೀಮೆಯವರು, ಭತ್ತ ಕುಯ್ದವರಲ್ಲ. ಆದರೆ ಕುಡುಗೋಲು ಎಲ್ಲ ಊರಲ್ಲೂ ಕುಡುಗೋಲೇ. ಕುಯ್ದದ್ದನ್ನು ಡೋಕೊ ಎಂಬ ಬಿದಿರಿನ ಬುಟ್ಟಿಯಲ್ಲಿ ತುಂಬಿ, ಅದರ ಪಟ್ಟಿಯನ್ನು ಹಣೆಗೆ ಸಿಕ್ಕಿಸಿ ಬೆನ್ನ ಮೇಲೆ ಹೊರುತ್ತಾರೆ. ಎಪ್ಪತ್ತರ ಅಜ್ಜಿ ನನಗಿಂತ ಎರಡು ಪಟ್ಟು ಹೊರುತ್ತಿದ್ದರು.

ಮಧ್ಯಾಹ್ನದ ಮೇಲೆ ಶಾಲೆಯ ಜಾಗದಲ್ಲಿ ಕೆಲಸ. ಹೊಸ ತಗಡು ಇಲ್ಲ, ಹೊಸ ಮೊಳೆಯೂ ಇಲ್ಲ. ಬಿದ್ದ ಮನೆಗಳ ತೊಲೆ, ಕಿಟಕಿ ಚೌಕಟ್ಟುಗಳಿಂದ ಮೊಳೆ ಕಿತ್ತು, ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ, ಡಬ್ಬಿ ತುಂಬಿಸುವುದು ನನ್ನ ಪಾಲಿಗೆ ಬಂತು. ಅವ್ವ ಕೇಳಿದ್ದು ಮೊಳೆ ಹೊಡೆಯಲು ಬರುತ್ತದೆಯೇ ಎಂದು. ಅಲ್ಲಿ ಬೇಕಿದ್ದದ್ದು ಮೊಳೆ ಕೀಳುವವರು. ಊರಿನವರೇ ಬಿದಿರು ಕಡಿದು ತಂದರು. ಒಂದು ಕೋಣೆಯ ಚೌಕಟ್ಟು ನಿಂತಿತು. ಮಾಡಿಗೆ ಹಳೆಯ ಡೊಂಕು ತಗಡು ಅರ್ಧ, ಟಾರ್ಪಾಲಿನ್ ಅರ್ಧ. ನಾವು ಲೆಕ್ಕ ಹಾಕಿಕೊಂಡು ಹೋಗಿದ್ದ ಶಾಲೆ ಅದಲ್ಲ. ಆದರೆ ಹಬ್ಬದ ರಜೆ ಮುಗಿದ ಮೇಲೆ ಮಕ್ಕಳು ಕೂತದ್ದು ಅದರಲ್ಲೇ.

ದಶೈಂಗೆ ಊರಿನ ಹುಡುಗರು ನಾಲ್ಕು ಎತ್ತರದ ಬಿದಿರು ನೆಟ್ಟು, ಹುಲ್ಲಿನ ಹಗ್ಗ ಹೊಸೆದು ಉಯ್ಯಾಲೆ ಕಟ್ಟಿದರು. ಅದಕ್ಕೆ ಅಲ್ಲಿ ‘ಪಿಂಗ್’ ಎನ್ನುತ್ತಾರೆ. ಹಬ್ಬದ ದಿನಗಳಲ್ಲಿ ಒಮ್ಮೆಯಾದರೂ ಕಾಲು ನೆಲ ಬಿಡಬೇಕಂತೆ. ನಮ್ಮಲ್ಲಿ ನಾಗರಪಂಚಮಿಗೆ ಜೋಕಾಲಿ ಕಟ್ಟುವುದನ್ನು ನಾನು ಹೇಳಿದಾಗ ಹುಡುಗಿಯರೆಲ್ಲ ಸೇರಿ ನನ್ನನ್ನು ಹತ್ತಿಸಿ ಜೀಕಿದರು. ಆರು ತಿಂಗಳ ಹಿಂದೆ ಮನೆ ಕಳೆದುಕೊಂಡ ಊರು ಅದು.

ಮೇಕೆಯ ಕಥೆ

ನಾವು ಹೋದಾಗ ನೇಪಾಳದಲ್ಲಿ ಭಾನುವಾರ ಕೆಲಸದ ದಿನವಾಗಿತ್ತು, ವಾರದ ರಜೆ ಶನಿವಾರ. ಆದ್ದರಿಂದ ಅಲ್ಲಿನ ಸಭೆಗಳು ಆರಾಧನೆಗೆ ಕೂಡುವುದು ಶನಿವಾರ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಚಾಪೆಯ ಮೇಲೆ ಕೂರುತ್ತಾರೆ. ‘ಜಯಮಸೀಹ’ ಎಂದು ವಂದಿಸುತ್ತಾರೆ. ಅವರ ಬೈಬಲ್ಲಿನಲ್ಲಿ ದೇವರಿಗೆ ಇರುವ ಪದ ‘ಪರಮೇಶ್ವರ್’. ಮೊದಲ ಸಲ ಕ್ರೈಸ್ತ ಪ್ರಾರ್ಥನೆಯಲ್ಲಿ ಆ ಹೆಸರು ಕೇಳಿದಾಗ, ಕನ್ನಡದ ಕಿವಿಗೆ ಹಿತವೆನಿಸಿತು.

ಭೂಕಂಪ ಆದದ್ದೂ ಶನಿವಾರವೇ ಎಂದು ಮೊದಲೇ ಹೇಳಿದೆ. ಶಾಲೆಗಳಿಗೆ ರಜೆ ಇದ್ದದ್ದರಿಂದ ಎಷ್ಟೋ ಮಕ್ಕಳು ಉಳಿದರು. ಸಾವಿರಾರು ತರಗತಿ ಕೋಣೆಗಳು ಖಾಲಿಯಾಗಿ ಕುಸಿದವು. ‘ದೇವರೇ ಕಾಪಾಡಿದ’ ಎಂದು ಸಹಜವಾಗಿ ಬಾಯಿಗೆ ಬರುತ್ತದೆ. ಆದರೆ ಅದೇ ಶನಿವಾರ, ಅದೇ ಹೊತ್ತಿಗೆ ಚರ್ಚುಗಳಲ್ಲಿ ಜನ ಆರಾಧನೆಗೆ ಸೇರಿದ್ದರು. ಕುಸಿದ ಚರ್ಚುಗಳಲ್ಲಿ ಪ್ರಾರ್ಥನೆಯಲ್ಲಿದ್ದವರೇ ಸತ್ತರು.

ಆ ಊರಿನ ಸಭೆಯಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜ ಇದ್ದರು. ಭೂಕಂಪದ ದಿನ ಅವರ ಹೆಂಡತಿ ಆರಾಧನೆಗೆ ಮುಂಚೆ ಹೋಗಿದ್ದರು. ಇವರ ಮೇಕೆ ಹಗ್ಗ ಕಿತ್ತುಕೊಂಡು ಓಡಿತ್ತು. ಅದನ್ನು ಹುಡುಕಿ ಕಟ್ಟುವಷ್ಟರಲ್ಲಿ ಭೂಮಿ ನಡುಗಿತು. ಗೋಡೆ ಅಜ್ಜಿಯ ಮೇಲೆ ಬಿತ್ತು. ಇವರು ಉಳಿದರು. ಭತ್ತ ಬಡಿಯುತ್ತಾ, ಪಾಸ್ಟರ್ ಅನುವಾದಿಸುತ್ತಾ, ಅವರು ನಮಗೆ ಹೇಳಿದ ಮಾತು ನನ್ನ ನೆನಪಿನಲ್ಲಿರುವಂತೆ ಹೀಗೆ:

“ಬಂದವರೆಲ್ಲ ಹೇಳುತ್ತಾರೆ, ದೇವರು ಮೇಕೆ ಕಳಿಸಿ ನಿನ್ನನ್ನು ಉಳಿಸಿದ ಅಂತ. ಹಾಗಾದರೆ ಅವಳಿಗೆ ಯಾಕೆ ಒಂದು ಮೇಕೆ ಕಳಿಸಲಿಲ್ಲ? ಅವಳು ನನಗಿಂತ ಹೆಚ್ಚು ಪ್ರಾರ್ಥನೆ ಮಾಡುವವಳು. ಮೇಕೆ ಬಗ್ಗೆ ನನಗೇನೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಅವತ್ತು ಕಲ್ಲು ಎತ್ತಲು ಇಡೀ ಊರು ಬಂತು. ಲಾಮಾ ಬಂದ, ಬಾಹುನ್ ಬಂದ, ನಮ್ಮ ಜೊತೆ ನೀರು ಮುಟ್ಟದವರೂ ಬಂದರು. ಸಂಜೆವರೆಗೆ ಎತ್ತಿದರು. ದೇವರು ಎಲ್ಲಿದ್ದ ಅಂತ ಕೇಳಿದರೆ, ಅಲ್ಲಿ ಕಲ್ಲು ಎತ್ತುತ್ತಿದ್ದ ಅಂತಷ್ಟೇ ಹೇಳಬಲ್ಲೆ.”

ನಾವು ಯಾರೂ ಏನೂ ಹೇಳಲಿಲ್ಲ. ಅವರು ಭತ್ತ ಬಡಿಯುವುದನ್ನು ಮುಂದುವರಿಸಿದರು, ನಾವೂ ಬಡಿದೆವು. ಮುಂದಿನ ಶನಿವಾರ ಅವರು ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುತ್ತಿದ್ದರು.

ದೇವರ ನಡೆಸುವಿಕೆ ಎಂದರೆ ಅಪಾಯ ನಮ್ಮನ್ನು ಬಿಟ್ಟು ಇನ್ನೊಬ್ಬರ ಮೇಲೆ ಬೀಳುವುದು ಎಂದು ಅರ್ಥ ಮಾಡಿಕೊಂಡರೆ, ಆ ಅಜ್ಜನ ಮುಂದೆ ನಿಂತು ಆ ಮಾತು ಹೇಳಲು ಸಾಧ್ಯವೇ? ಸಂಕಟದಲ್ಲಿರುವವರ ಎದುರು ನಿಂತು ಹೇಳಲಾಗದ ನಂಬಿಕೆಯ ಮಾತನ್ನು ಸುಖವಾಗಿರುವವರ ನಡುವೆ ಹೇಳುವುದರಲ್ಲಿ ಅರ್ಥವಿಲ್ಲ. ನನಗೆ ಅಂದಿನಿಂದ ಇದೊಂದು ಅಳತೆಗೋಲು.

ದಿನಕ್ಕೆ ಒಂದು ದಿನದ ಪಾಲು

ಇಸ್ರಾಯೇಲರು ಮರುಭೂಮಿಯಲ್ಲಿ ನಡೆದಾಗ ದೇವರು ಅವರಿಗೆ ಮನ್ನ ಕೊಟ್ಟ ಕಥೆ ವಿಮೋಚನಕಾಂಡದಲ್ಲಿದೆ. ಅವತ್ತಿಗೆ ಬೇಕಾದಷ್ಟು ಮಾತ್ರ ಕೂಡಿಸಬೇಕು. ನಾಳೆಗೆಂದು ಇಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ ಪಾಲು. ಆ ಬೆಟ್ಟದೂರಿನಲ್ಲಿ ನಮಗೆ ದಾರಿ ಸಿಕ್ಕದ್ದೂ ಹಾಗೆಯೇ. ರಾತ್ರಿ ಪ್ರಾರ್ಥನೆಗೆ ಕೂತಾಗ ಸಿಸ್ಟರ್ ಎರಡು ಪ್ರಶ್ನೆ ಕೇಳುತ್ತಿದ್ದರು: ನಾಳೆ ಇಲ್ಲಿ ಯಾರಿಗೆ ಏನು ಬೇಕಾಗಿದೆ? ಅದರಲ್ಲಿ ನಮ್ಮ ಕೈಲಾಗುವುದು ಏನು? ಮೊದಲ ಪ್ರಶ್ನೆಗೆ ಉತ್ತರ ಊರಿನವರದ್ದು, ಎರಡನೆಯದು ನಮ್ಮದು. ನಾಡಿದ್ದಿನ ಮಾತು ಯಾರಾದರೂ ತೆಗೆದರೆ, “ಅದು ನಾಳಿ ರಾತ್ರಿ ಪ್ರಾರ್ಥನಿಗೆ” ಎಂದು ಮುಗಿಸುತ್ತಿದ್ದರು.

ಇಂಥ ಚಿಕ್ಕ ಪ್ರವಾಸಗಳ ಬಗ್ಗೆ ಟೀಕೆಗಳಿವೆ, ಅವು ನ್ಯಾಯವಾದವೇ. ಏಳು ಜನರ ಟಿಕೆಟ್ ದುಡ್ಡಿನಲ್ಲಿ ಇನ್ನಷ್ಟು ತಗಡು ಕೊಳ್ಳಬಹುದಿತ್ತು. ಮನೆ ಕಟ್ಟುವ ಕಸುಬು ಗೊತ್ತಿಲ್ಲದವರು ಹೋಗಿ ಅಲ್ಲಿನ ಕೂಲಿಗಳ ಕೆಲಸ ಕಿತ್ತುಕೊಳ್ಳಬಾರದು. ಹತ್ತು ದಿನ ಮಕ್ಕಳನ್ನು ಎತ್ತಾಡಿಸಿ ಫೋಟೊ ತೆಗೆದು ಬರುವುದು ಸೇವೆಯಲ್ಲ. ನೇಪಾಳದಲ್ಲಿ ದಶಕಗಳ ಕಾಲ ಆಸ್ಪತ್ರೆ, ಶಾಲೆ, ವಿದ್ಯುತ್ ಯೋಜನೆಗಳಲ್ಲಿ ದುಡಿದ, 1954ರಲ್ಲಿ ಆರಂಭವಾದ ಯುನೈಟೆಡ್ ಮಿಷನ್ ಟು ನೇಪಾಳದಂಥ ಸಂಸ್ಥೆಗಳ ಮುಂದೆ ನಮ್ಮದು ಒಂದು ತೊಟ್ಟು. ಹೊರಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದೂ ದೇವರ ಚಿತ್ತ ಹುಡುಕುವ ಕೆಲಸದ ಭಾಗವೇ.

ಹೋಗಬೇಕು ಎನ್ನುವ ಗೆಳೆಯರಿಗೆ ಕೆಲವು ಮಾತು. ಅಲ್ಲಿನವರು ಕರೆದರೆ ಮಾತ್ರ ಹೊರಡಿ. ಏನು ಕೆಲಸ, ಎಷ್ಟು ಜನ ಎಂಬುದನ್ನು ಅವರೇ ತೀರ್ಮಾನಿಸಲಿ. ಆ ದೇಶದ ಕಾನೂನು ಓದಿಕೊಳ್ಳಿ, ಅದು ನಿಮಗೆ ಹಿಡಿಸಲಿ ಬಿಡಲಿ, ಉಲ್ಲಂಘಿಸಿದರೆ ತೊಂದರೆಗೆ ಸಿಕ್ಕುವವರು ಅಲ್ಲೇ ಉಳಿಯುವ ಜನ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ. ನಮ್ಮ ನೂರು ರೂಪಾಯಿಗೆ ಅಲ್ಲಿನ 160 ರೂಪಾಯಿ. ನಿತ್ಯದ ಔಷಧಗಳನ್ನು ಲೆಕ್ಕಕ್ಕಿಂತ ಹೆಚ್ಚೇ ಒಯ್ಯಿರಿ. ತಂಡದಲ್ಲಿ ಒಬ್ಬರಾದರೂ ಅನುಭವಿ ಹಿರಿಯರಿರಲಿ, ‘ಬೇಡ’ ಅನ್ನಬಲ್ಲವರು. ಯಾರಾದರೂ ನಡುದಾರಿಯಿಂದ ಮರಳಬೇಕಾದರೆ ಗೌರವದಿಂದ ಕಳಿಸಿಕೊಡಿ.

ಉದ್ಯೋಗದ ದಾರಿಗೂ ಇದೇ

ಮುಂದೇನಾಯಿತು ಎಂದು ಕೇಳುವಿರಿ. ತಡೆ ತೆರವಾದದ್ದು 2016ರ ಫೆಬ್ರುವರಿಯಲ್ಲಿ. ತಗಡು ಊರು ಮುಟ್ಟಿದ್ದು ಅದಾದ ಮೇಲೆ, ನಾವು ಇಲ್ಲದಾಗ. ಊರಿನವರೇ ಹೊದಿಸಿಕೊಂಡರು. ಗಡಿಯಿಂದ ಮರಳಿದ ಇಬ್ಬರಲ್ಲಿ ಒಬ್ಬನಿಗೆ ಕ್ಯಾಂಪಸ್ ಕೆಲಸ ಸಿಕ್ಕಿತು, ಇನ್ನೊಬ್ಬಳಿಗೆ ಸಿಗಲಿಲ್ಲ. ನನಗೆ ಮೊದಲ ನೌಕರಿ ಸಿಕ್ಕದ್ದು ಪದವಿ ಮುಗಿಸಿ ಹನ್ನೊಂದು ತಿಂಗಳ ನಂತರ. ‘ದೇವರ ಕೆಲಸಕ್ಕೆ ಹೋಗಿದ್ದಕ್ಕೆ ಒಳ್ಳೇ ಪ್ರತಿಫಲ ಸಿಕ್ಕಿತು ನೋಡು’ ಎಂದು ಕುಹಕವಾಡಿದ ಸಂಬಂಧಿಕರೂ ಇದ್ದರು. ಕೆಲಸ ಸಿಕ್ಕ ದಿನ ಅವರೇ ‘ದೇವರು ಕೈಬಿಡಲಿಲ್ಲ’ ಎಂದರು. ಎರಡೂ ಮಾತು ಒಂದೇ ತಕ್ಕಡಿಯವು. ಸಿಕ್ಕರೆ ದೇವರ ಮೆಚ್ಚುಗೆ, ಸಿಗದಿದ್ದರೆ ದೇವರ ಮುನಿಸು.

ಆ ಹನ್ನೊಂದು ತಿಂಗಳು ಸುಲಭವಿರಲಿಲ್ಲ. ಗೆಳತಿಯರ ಆಫರ್ ಲೆಟರ್ ಫೋಟೊಗಳು, ಅಪ್ಪನ ಮೌನ, ಪ್ರತಿ ತಿರಸ್ಕಾರದ ಮೇಲ್ ಬಂದಾಗ ‘ಇದರಲ್ಲಿ ದೇವರು ಏನು ಹೇಳುತ್ತಿದ್ದಾನೆ’ ಎಂಬ ಹಳೆಯ ಚಾಳಿ. ಆಗೆಲ್ಲ ಆ ಎರಡು ಪ್ರಶ್ನೆಗಳನ್ನೇ ಹಿಡಿದೆ. ಇವತ್ತು ಹತ್ತಿರದವರಿಗೆ ಏನು ಬೇಕಾಗಿದೆ? ನನ್ನ ಕೈಲಾಗುವುದು ಏನು? ಉತ್ತರ ಕೆಲವು ದಿನ ಅರ್ಜಿ ತುಂಬುವುದು, ಕೆಲವು ದಿನ ಪಕ್ಕದ ಮನೆಯ ಹುಡುಗನಿಗೆ ಗಣಿತ ಹೇಳಿಕೊಡುವುದು, ಕೆಲವು ದಿನ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಗಣಿತ ಹೇಳಿಕೊಡುತ್ತಲೇ ಬೋಧನೆ ನನಗೆ ಒಗ್ಗುತ್ತದೆ ಎಂದು ತಿಳಿಯಿತು. ಈಗ ನಾನು ಮಾಡುತ್ತಿರುವುದು ಆ ಕೆಲಸವನ್ನೇ.

ಇದನ್ನು ಓದುತ್ತಿರುವ ನಿಮ್ಮಲ್ಲಿ ದೇವರನ್ನು ಬೇರೆ ಹೆಸರಿನಿಂದ ಕರೆಯುವವರಿದ್ದೀರಿ, ಕರೆಯದೇ ಇರುವವರೂ ಇದ್ದೀರಿ. ಎದುರಿಗೆ ಕತ್ತಲೆ ಇರುವುದು ಮಾತ್ರ ಎಲ್ಲರಿಗೂ ಒಂದೇ. ಕಂದೀಲು ಹಿಡಿದು ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವ ರೈತನಿಗೆ ಕಾಣುವುದು ನಾಲ್ಕು ಹೆಜ್ಜೆ ನೆಲ. ಆ ನಾಲ್ಕು ಹೆಜ್ಜೆ ನಡೆದರೆ ಮುಂದಿನ ನಾಲ್ಕು ಕಾಣುತ್ತವೆ. ಹೊಲದ ಆಚೆ ತುದಿ ಕಾಣಲಿಲ್ಲ ಎಂದು ಅವನು ಮನೆಯಲ್ಲೇ ಕೂರುವುದಿಲ್ಲ.